‘ಡೈರೆಕ್ಟ್ ಪಾಸ್’ ಚೀಟಿ ಹೇಳದ ಸಂಗತಿಗಳು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದೇ ತಡ, ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಫೇಲಾದವರಿಗೆ ಡೈರೆಕ್ಟ್ ಪಾಸ್’ ಚೀಟಿಗಳು ಏಳುತ್ತವೆ. ವಿಚಾರಿಸಿದರೆ ಟ್ಯುಟೋರಿಯಲ್‌ನವರು ಸಾಮಾನ್ಯವಾಗಿ ಹೇಳುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಹತ್ತನೇ ತರಗತಿಯ ಹೆಸರನ್ನು. ಅದು 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಬೋರ್ಡು, ಅದರ ಪ್ರಮಾಣಪತ್ರ ಎಸ್ಸೆಸ್ಸೆಲ್ಸಿಗೆ ಸಮ. ಆದರೆ ಅಲ್ಲಿಯೂ ಕೂತು ಬರೆದೇ ಪಾಸಾಗಬೇಕು.

ಒಂದೆರಡು ವಿಷಯವಷ್ಟೇ ಉಳಿದಿದ್ದರೆ ರಾಜ್ಯ ಮಂಡಳಿಯ ಮರುಪರೀಕ್ಷೆ ಕಟ್ಟುವುದೇ ಲೇಸು. ಮೂರ‍್ನಾಲ್ಕು ಹೋದವರಿಗೆ, ಎಂಟನೇ ತರಗತಿಗೇ ಶಾಲೆ ಬಿಟ್ಟವರಿಗೆ ಎನ್‌ಐಒಎಸ್ ಒಗ್ಗುತ್ತದೆ. 14 ವರ್ಷ ತುಂಬಿದ್ದರೆ ಸಾಕು, ಅರವತ್ತರ ಅಜ್ಜಿಯೂ ಬರೆಯಬಹುದು. ಐದು ವಿಷಯ, ಪಾಸಿಗೆ ಶೇ 33. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕ ವರ್ಗಾವಣೆಗೆ ಅವಕಾಶವಿದೆ, ಆಗ ಬರೆಯಬೇಕಾದ್ದು ಮೂರೇ. ಪ್ರವೇಶದ ಅರ್ಜಿಯಲ್ಲೇ ಇದನ್ನು ನಮೂದಿಸಬೇಕು. ನೋಂದಣಿ ಐದು ವರ್ಷ ಊರ್ಜಿತ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸೇರಿ ಒಟ್ಟು ಒಂಬತ್ತು ಅವಕಾಶ. ಪಾಸಾದ ವಿಷಯ ಮತ್ತೆ ಬರೆಯುವ ಗೊಡವೆಯಿಲ್ಲ.

ಇಷ್ಟು ಸಡಿಲವಿದ್ದೂ ಹಲವರು ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನವೇ ಎಡವುತ್ತಾರೆ. ಪ್ರವೇಶ ಶುಲ್ಕ ಬೇರೆ, ವಿಷಯವಾರು ಪರೀಕ್ಷಾ ಶುಲ್ಕ ಬೇರೆ. ಮೊದಲನೆಯದನ್ನು ಕಟ್ಟಿ ನಿಶ್ಚಿಂತರಾದವರಿಗೆ ಹಾಲ್ ಟಿಕೆಟ್ ಬರುವುದಿಲ್ಲ, ಒಂದು ಅವಕಾಶ ಸುಮ್ಮನೆ ಹೋಗುತ್ತದೆ. ಮನೆಯಲ್ಲಿ ಬರೆದು ಒಪ್ಪಿಸಬೇಕಾದ ಟಿಎಂಎ ಎಂಬ ನಿಯೋಜಿತ ಕಾರ್ಯಕ್ಕೆ ಶೇ 20ರಷ್ಟು ತೂಕವಿದೆ. ಅದನ್ನು ‘ಬರೀ ಹೋಂವರ್ಕ್’ ಎಂದು ಬಿಟ್ಟವರು ಅಷ್ಟೂ ಅಂಕ ಕಳೆದುಕೊಳ್ಳುತ್ತಾರೆ. ಪ್ರಾಯೋಗಿಕ ಪರೀಕ್ಷೆಯದು ಇನ್ನೂ ದೊಡ್ಡ ಗುಂಡಿ. ವಿಜ್ಞಾನಕ್ಕಿದೆ ಎಂದು ಎಲ್ಲರಿಗೂ ಗೊತ್ತು. ಗಣಿತಕ್ಕೂ 15 ಅಂಕದ ಪ್ರಾಯೋಗಿಕ ಉಂಟು ಎನ್ನುವುದು ಗೊತ್ತಿಲ್ಲ. ಅದು ಲಿಖಿತ ಪರೀಕ್ಷೆಗೆ ಮೊದಲೇ ಮುಗಿದುಹೋಗುತ್ತದೆ, ಮತ್ತು ಥಿಯರಿ, ಪ್ರಾಯೋಗಿಕ ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು.

ವಿಷಯದ ಆಯ್ಕೆಯನ್ನಂತೂ ಏಜೆಂಟರಿಗೆ ಬಿಡಲೇಬಾರದು. ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ತುಂಬಿಸಿದರೆ ಅವರ ಫಲಿತಾಂಶ ಹೊಳೆಯುತ್ತದೆ ನಿಜ, ಆದರೆ ಹುಡುಗ ಪಾಲಿಟೆಕ್ನಿಕ್ ಬಾಗಿಲಿಗೆ ಹೋದಾಗ ಗಣಿತ, ವಿಜ್ಞಾನ ಎಲ್ಲಿ ಎಂದು ಕೇಳುತ್ತಾರೆ. ಡಿಪ್ಲೊಮಾ ಅಥವಾ ಪಿಯು ವಿಜ್ಞಾನದ ಆಸೆಯಿದ್ದರೆ ಗಣಿತ (ವಿಷಯ ಸಂಕೇತ 211), ವಿಜ್ಞಾನ (212) ಈಗಲೇ ಇರಲಿ. ಭಾಷೆ ಒಂದಾದರೂ ಕಡ್ಡಾಯ, ಎರಡರವರೆಗೆ ಅವಕಾಶ. ಇಂಗ್ಲಿಷಿನ (202) ಜೊತೆಗೆ ಕನ್ನಡವನ್ನೂ (208) ತೆಗೆದುಕೊಳ್ಳಬಹುದು.

ಕೊನೆಗೊಂದು, ಚಿಕ್ಕದಾದರೂ ಬಹಳ ಜನ ಕೆಡುವುದು ಇಲ್ಲೇ: ಆನ್‌ಲೈನ್ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಮನೆಯವರದ್ದೇ ಇರಬೇಕು. ಏಜೆಂಟರ ಸಂಖ್ಯೆ ಕೊಟ್ಟರೆ ಸಂದೇಶಗಳೆಲ್ಲ ಅವರಿಗೇ ಹೋಗುತ್ತವೆ. ಶುಲ್ಕದ ಕೊನೆಯ ದಿನ ಕಳೆದದ್ದು ಮನೆಯಲ್ಲಿ ತಿಳಿಯುವುದು ಪರೀಕ್ಷೆಯ ವಾರದಲ್ಲಿ.

— ಮುಕ್ತ ಶಾಲಾ ಅಧ್ಯಯನ ಕೇಂದ್ರವೊಂದರ ಶಿಕ್ಷಕರು, ಧಾರವಾಡ