ಜೆಮ್ ಆರ್ಡರ್‌ಗಳ ರೇಟ್ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಬರುವ ಏಪ್ರಿಲ್ 1ರಿಂದ, ಸರ್ಕಾರಿ ಆಫೀಸುಗಳು ಸಾಮಾನು ಕೊಳ್ಳುವ ಜೆಮ್ (GeM) ಪೋರ್ಟಲ್‌ನಲ್ಲಿ 10 ಲಕ್ಷ ದಾಟುವ ಆರ್ಡರ್‌ಗಳಿಗೆ ಪೋರ್ಟಲ್‌ನ ವಹಿವಾಟು ಶುಲ್ಕ ಸೇರಿಸಿಯೇ ರೇಟ್ ಹಾಕುತ್ತೇವೆ. ಇಷ್ಟು ದಿನ ಅದನ್ನು ನಮ್ಮ ಲಾಭದಲ್ಲೇ ಕಳೆದುಕೊಳ್ಳುತ್ತಿದ್ದೆವು. 10 ಲಕ್ಷದೊಳಗೆ ಶುಲ್ಕವೇ ಇಲ್ಲ, ಹಾಗಾಗಿ ಅಲ್ಲಿ ರೇಟೂ ಬದಲಾಗುವುದಿಲ್ಲ. ಶೆಡ್‌ಗೇ ಬಂದು ಬೀರು, ಮಂಚ ಒಯ್ಯುವವರಿಗೆ ಇದರ ಸಂಬಂಧವೇ ಇಲ್ಲ.

"2024ರ ಆಗಸ್ಟ್‌ನಲ್ಲಿ ಶುಲ್ಕ ಇಳಿಸಿದರಲ್ವಾ, ನೀವ್ಯಾಕೆ ಏರಿಸ್ತೀರಿ?" ಫೋನ್ ಮಾಡಿದವರೆಲ್ಲ ಇದನ್ನೇ ಕೇಳುತ್ತಿದ್ದಾರೆ. ಇಳಿಸಿದ್ದು ನಿಜ. ಮೊದಲು 5 ಲಕ್ಷ ದಾಟಿದರೆ 0.45% ಇತ್ತು, ಈಗ 10 ಲಕ್ಷ ದಾಟಿದರೆ 0.30%. 10 ಕೋಟಿ ದಾಟಿತೋ, ಆರ್ಡರ್ ಎಷ್ಟೇ ದೊಡ್ಡದಿರಲಿ 3 ಲಕ್ಷ ಕಟ್ಟಿದರೆ ಮುಗಿಯಿತು. ಅಂದರೆ 100 ಕೋಟಿಯವರು ಕಟ್ಟುವುದು 0.03%, ನಾವು ಅದರ ಹತ್ತು ಪಟ್ಟು. ನಮ್ಮ ಆರ್ಡರ್‌ಗಳು ಹೆಚ್ಚಾಗಿ ಬೀಳುವುದು ಈ ನಡುವಿನ ಸಾಲಿನಲ್ಲೇ. ಮೊದಲು ಐದು ಆಫೀಸಿನವರು ಬೇರೆ ಬೇರೆಯಾಗಿ ಕೊಡುತ್ತಿದ್ದ ಆರ್ಡರನ್ನು ಈಗ ಒಟ್ಟು ಸೇರಿಸಿ ಒಂದೇ ಬಿಡ್ ಕರೆಯುತ್ತಾರೆ, ಶುಲ್ಕ ಬಂದು ಕೂರುತ್ತದೆ.

18 ಲಕ್ಷದ ಒಂದು ಆರ್ಡರ್ ತೆಗೆದುಕೊಳ್ಳಿ. 4,500ರಂತೆ 400 ಡೆಸ್ಕ್. ಶುಲ್ಕ 5,400, ಜಿಎಸ್‌ಟಿ ಬೇರೆ. ಡೆಸ್ಕ್ ಒಂದಕ್ಕೆ 13 ರೂಪಾಯಿ 50 ಪೈಸೆ. ಇಷ್ಟಕ್ಕೇ ಅಳ್ತೀರಾ ಅನ್ನಬೇಡಿ, ರಿವರ್ಸ್ ಆಕ್ಷನ್‌ನಲ್ಲಿ ರೇಟ್ ಇಳಿಸಿ ಇಳಿಸಿ ಎಲ್1 (ಎಲ್ಲರಿಗಿಂತ ಕಡಿಮೆ ರೇಟಿನವರು) ಆಗುವಷ್ಟರಲ್ಲಿ ಡೆಸ್ಕ್‌ಗೆ ನೂರು ರೂಪಾಯಿ ಉಳಿದರೆ ಅದೇ ಜಾಸ್ತಿ. ಇದರ ಮೇಲೆ ದುಡ್ಡಿನ ಕಾಯುವಿಕೆ. ಮಾಲು ಮುಟ್ಟಿದ 10 ದಿನದಲ್ಲಿ ಸಿಆರ್‌ಎಸಿ, ಅಂದರೆ ಮಾಲು ಬಂತು, ಒಪ್ಪಿದೆವು ಅನ್ನುವ ಪ್ರಮಾಣಪತ್ರ, ಕೊಡಬೇಕು, ಮತ್ತೆ 10 ದಿನದಲ್ಲಿ ಬಿಲ್ ಪಾಸಾಗಬೇಕು ಅಂತ ನಿಯಮವಿದೆ. ಒಂದು ಆಫೀಸಿನಲ್ಲಿ ನಮ್ಮ ಬೀರುಗಳಲ್ಲಿ ಫೈಲ್ ತುಂಬಿ ಬೀಗವನ್ನೂ ಹಾಕಿದ್ದರು, ಸಿಆರ್‌ಎಸಿ ಮಾತ್ರ ಬಂದಿರಲಿಲ್ಲ.

ಶುಲ್ಕವೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಪೋರ್ಟಲ್ ನಡೆಸಲು ದುಡ್ಡು ಬೇಕಲ್ಲ, ವ್ಯಾಪಾರ ಸಿಕ್ಕವರಿಂದ ತೆಗೆದುಕೊಳ್ಳುವುದು ನ್ಯಾಯವೇ. ರಾಜ್ಯದ ಟೆಂಡರ್‌ಗಳಲ್ಲಿ ಪ್ರೊಸೆಸಿಂಗ್ ಶುಲ್ಕ ಸೋತರೂ ಹೋದದ್ದೇ, ಅದಕ್ಕಿಂತ ಇದು ವಾಸಿ. ಆದರೆ ಕೊಳ್ಳುವ ಇಲಾಖೆ ಇದಕ್ಕೆ ಒಂದು ಪೈಸೆ ಕೊಡುವುದಿಲ್ಲ, ಬಿಲ್‌ನಲ್ಲಿ ಬೇರೆ ಸಾಲಾಗಿ ತೋರಿಸಲೂ ನಮಗೆ ಬರುವುದಿಲ್ಲ. ಅದಕ್ಕೇ ನಿಮ್ಮ ಕಣ್ಣಿಗೆ ಬೀಳುವುದು ನಮ್ಮ ರೇಟ್ ಮಾತ್ರ.

ಕೆಲವರು ಪ್ರೀತಿಯಿಂದಲೇ ಹೇಳಿದರು, ಒಂಬತ್ತು ಒಂಬತ್ತು ಲಕ್ಷದ ಎರಡು ಆರ್ಡರ್ ಮಾಡಿಬಿಡೋಣ ಅಂತ. ದಯವಿಟ್ಟು ಬೇಡ. ಖರೀದಿ ಒಡೆಯುವುದನ್ನು ನಿಯಮ ಒಪ್ಪುವುದಿಲ್ಲ, ಆಡಿಟ್‌ನವರು ಬಂದಾಗ ಉತ್ತರ ಕೊಡಬೇಕಾದವರು ನೀವು.

ಇನ್ನೊಂದು ದಾರಿ ಇತ್ತು, ಸುಲಭದ್ದು. 20 ಗೇಜ್ ಅಂತ ಬರೆದು ಅದಕ್ಕಿಂತ ತೆಳುವಾದ 22 ಗೇಜ್ ಶೀಟ್ ಹಾಕುವುದು. ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದಲ್ಲ, ಅದೇ. ಅದು ನಮ್ಮ ಶೆಡ್‌ನಲ್ಲಿ ಆಗುವುದಿಲ್ಲ.

ರೇಟ್ ಏರುವುದು ಯಾರಿಗೂ ಇಷ್ಟವಿಲ್ಲ, ಬೇಜಾರಾಗಿದ್ದರೆ ಕ್ಷಮಿಸಿ. ಮಾರ್ಚ್ 31ರೊಳಗೆ ಹಾಕಿದ ಬಿಡ್‌ಗಳಿಗೆ ಹಳೇ ರೇಟೇ ನಡೆಯುತ್ತದೆ. ಹೊಸ ವರ್ಷದ ಎಸ್ಟಿಮೇಟ್ ಮಾಡುವವರು ಮೊದಲೇ ಒಂದು ಫೋನ್ ಮಾಡಿ, ಶುಲ್ಕ ಎಷ್ಟು, ಸಾಗಣೆ ಎಷ್ಟು ಎಂದು ಬಿಡಿಸಿ ಬರೆದು ಕಳಿಸುತ್ತೇವೆ.

ಇಂತಿ,
ನಿಮ್ಮ ಫರ್ನಿಚರ್ ಶೆಡ್‌ನವರು