ಶನಿವಾರದ ಶೂಟಿಂಗ್: ಓದಿಕೊಂಡೇ ಬನ್ನಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಗಾಬರಿ ಆಗಬೇಡಿ. ಗೊಂಬೆಗಳನ್ನು ಚೂರು ಚೂರು ಸರಿಸುತ್ತಾ ಒಂದೊಂದೇ ಫೋಟೊ ತೆಗೆದು, ಅವನ್ನು ಜೋಡಿಸಿ ಹಾಡಿನ ವಿಡಿಯೊ (ಸ್ಟಾಪ್ ಮೋಷನ್) ಮಾಡುತ್ತಿದ್ದೇವಲ್ಲ, ಆ ಹಾಡು ಎರಡೂವರೆ ನಿಮಿಷ. ಸೆಕೆಂಡಿಗೆ 12 ಫೋಟೊ ಅಂದರೂ ಒಟ್ಟು 1,800 ಬೇಕು. 24 ತೆಗೆಯೋಣ ಅಂದವರು ದಯವಿಟ್ಟು ಸುಮ್ನಿರಿ. ಹಾಡಿನಲ್ಲಿ ನಿಮಿಷಕ್ಕೆ 120 ಬೀಟ್ ಇದೆ, ಅಂದರೆ ಒಂದು ಬೀಟಿಗೆ ಸರಿಯಾಗಿ 6 ಫೋಟೊ. ಗೊಂಬೆಯ ಹೆಜ್ಜೆ ಪ್ರತಿ ಆರನೇ ಫೋಟೊಗೆ ನೆಲ ಮುಟ್ಟಬೇಕು. ಇದರ ಚಾರ್ಟ್ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.

ಜಾಗ ಜಯನಗರದ ನಮ್ಮ ಮನೆ, ಬೆಳಿಗ್ಗೆ 9ಕ್ಕೆ. ಕಿಟಕಿಗೆ ದಪ್ಪ ಕಂಬಳಿ ಕಟ್ಟೋಣ. ಬೆಂಗಳೂರಿನ ಮೋಡವನ್ನು ನಂಬಬೇಡಿ. ಹೋದ ಸಲ ಬಿಸಿಲು ಬಂದು ಹೋಗಿ ಇಡೀ ದೃಶ್ಯ ಮಿಣಮಿಣ ಅಂತಿತ್ತು ಅಲ್ವಾ? ಎರಡು ಟೇಬಲ್ ಲ್ಯಾಂಪ್ ಸಾಕು. ಫೋನಿನಲ್ಲಿ ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರೂ ಲಾಕ್ ಆಗಿರಬೇಕು. ಟ್ರೈಪಾಡ್ ಕಾಲಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸುತ್ತೇವೆ. ಎಡವಿದವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು.

ಚನ್ನಪಟ್ಟಣದ ಗೊಂಬೆಗಳು ನನ್ನ ಹತ್ತಿರ ಇವೆ. ಅವಕ್ಕೆ ಕೈಕಾಲು ಆಡುವುದಿಲ್ಲ, ಇಡೀ ಗೊಂಬೆಯನ್ನೇ ಚೂರು ಚೂರು ಸರಿಸಬೇಕು. ಬಾಗುವ ಕೈ ಬೇಕಿದ್ದರೆ ತಂತಿಗೆ ಜೇಡಿಮಣ್ಣು ಮೆತ್ತೋಣ. ಅವೆನ್ಯೂ ರಸ್ತೆ ಕಡೆ ಹೋಗುವವರು ಕಪ್ಪು ಚಾರ್ಟ್ ಪೇಪರ್ 4 ತನ್ನಿ. ಫೋನ್ ಮೆಮೊರಿ ಜಾಸ್ತಿ ಖಾಲಿ ಇರುವವರು ಯಾರು? ಇಲ್ಲೇ ಹೇಳಿ.