ಬೇಸಿಗೆ ಶಿಬಿರದ ದಾಳದಾಟ: ಸುಳಿವನ್ನು ಒಂದೇ ಎಸೆತಕ್ಕೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ನಮ್ಮ ಬೀದರ್, ಕಲಬುರಗಿ ಕಡೆ ಮಕ್ಕಳನ್ನು ಮೈದಾನಕ್ಕೆ ಬಿಡುವಂತಿಲ್ಲ. ಬೇಸಿಗೆ ಶಿಬಿರ ನಡೆಸುವವರು ಆ ಹೊತ್ತಿಗೆ ಚಿತ್ರಕಲೆ, ಕೇರಂ ಜೊತೆಗೆ ಪಾತ್ರ ವಹಿಸಿ ಆಡುವ ಸಾಹಸದಾಟವನ್ನೂ ಇಡಬಹುದು. ಇದರಲ್ಲಿ ಒಬ್ಬರು ಕಥೆ ಹೇಳುತ್ತ ಆಡಿಸುತ್ತಾರೆ, ಮಕ್ಕಳು ಕಥೆಯ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಆ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳದ ಎಸೆತ ತೀರ್ಮಾನಿಸುತ್ತದೆ. ಈ ಬಗೆಯ ಆಟಗಳಿಗೆ ದಾರಿ ಹಾಕಿದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರ ಮುಖ್ಯ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಸಿಗುತ್ತವೆ. ಮೂಲ ನಮೂದಿಸಿ ಕನ್ನಡಕ್ಕೆ ತರಲೂ ಅಡ್ಡಿಯಿಲ್ಲ. ಖರ್ಚಿನ ನೆಪ ಹೇಳುವ ಹಾಗಿಲ್ಲ.

ಹತ್ತು–ಹನ್ನೆರಡು ಮಕ್ಕಳನ್ನು ಒಂದೇ ಮೇಜಿಗೆ ಕೂರಿಸಿದರೆ ಆಟ ಕೆಡುತ್ತದೆ. ಸರದಿ ಬರುವಷ್ಟರಲ್ಲಿ ಮಿಕ್ಕವರ ಕೈಗೆ ಮೊಬೈಲ್ ಬಂದಿರುತ್ತದೆ. ಆಡುವವರು ನಾಲ್ಕೈದು ಮಂದಿ, ಆಡಿಸುವವರು ಒಬ್ಬರು, ಅಷ್ಟು ಸಾಕು.

20 ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತಿಸಿ. ಎತ್ತಿದ ಚೀಟಿ ಪ್ರತಿ ಸಲ ವಾಪಸ್ ಹಾಕಲೇಬೇಕು. ದೊಡ್ಡ ಸಂಖ್ಯೆಗಳು ಮೊದಲೇ ಹೋದರೆ ಆಮೇಲೆ ಬಂದವರಿಗೆ ಗೆಲುವೇ ಇಲ್ಲ. ಲೂಡೊ ದಾಳ ಎರಡು ಕೂಡಿಸಿ ಆಡಿಸುವುದು ಬೇಡ. ಮೊತ್ತ ಹೆಚ್ಚಾಗಿ 7ರ ಆಸುಪಾಸಿನಲ್ಲಿ ಬೀಳುತ್ತದೆ, 12 ದಾಟುವುದಿಲ್ಲ.

ನಿಯಮದ ಪ್ರಕಾರ ಸುಲಭದ ಕೆಲಸಕ್ಕೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20 ಗುರಿ; ಎಸೆತದಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು. ಆ ಕೆಲಸದಲ್ಲಿ ಪಳಗಿ, ಎಸೆತಕ್ಕೆ 5 ಕೂಡಿಸಿಕೊಳ್ಳುವ ಪಾತ್ರ 15 ಮುಟ್ಟುವ ಸಾಧ್ಯತೆ ಶೇ 55. ಏನೂ ಕೂಡದ ಪಾತ್ರಕ್ಕೆ ಶೇ 30 ಮಾತ್ರ. ಹೊಸದಾಗಿ ಆಡಿಸುವವರು ಬಾಗಿಲು ತೆರೆಯಲಿಕ್ಕೂ 15 ಕೇಳುತ್ತಾರೆ. ಸೋತರೆ ಏನೂ ಕೆಡದ ಕೆಲಸಕ್ಕೆ ದಾಳವೇಕೆ?

ಇವೆಲ್ಲ ತಿದ್ದಿಕೊಳ್ಳಬಹುದಾದವು. ದೊಡ್ಡ ಎಡವಟ್ಟೆಂದರೆ ಕಥೆಯ ಮುಖ್ಯ ಸುಳಿವನ್ನು ಒಂದೇ ಎಸೆತಕ್ಕೆ ಕಟ್ಟುವುದು. ಬೀದರ್ ಬಳಿಯ ನೌಬಾದಿನ ಸುರಂಗ ಬಾವಿಯ ಮಾದರಿಯಲ್ಲೊಂದು ನಕ್ಷೆ ಬರೆದುಕೊಂಡಿರಿ ಎನ್ನಿ: ನೆಲದಡಿಯ ಕಾಲುವೆ, ಗಾಳಿ ಬೆಳಕಿಗೆ ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿ, ಆಚೆ ಬೀದರ್ ಕೋಟೆಯದರಂತೆ ಬಂಡೆ ಕೊರೆದ ಮೂರು ಸಾಲಿನ ಕಂದಕ. (ಮಕ್ಕಳನ್ನು ನಿಜವಾದ ಸುರಂಗಕ್ಕೆ ಇಳಿಸುವ ಉತ್ಸಾಹ ಬೇಡ, ಕಾಗದದ ಮೇಲಿನದು ಸಾಕು.) ಕಳ್ಳದಾರಿ ಕಾಣಲು 15 ಬೇಕೆಂದಿರಿ, ಐವರೂ ಸೋತರು. ಅಲ್ಲಿಗೆ ಆಟ ನಿಂತಿತು. ಆಡಿಸುವವರು ಗಾಬರಿಯಲ್ಲಿ ‘ಇನ್ನೊಮ್ಮೆ ಹಾಕ್ರಿ’ ಎನ್ನುತ್ತಾರೆ, ದಾಳದ ಬೆಲೆ ಹೋಗುತ್ತದೆ. ಅದರ ಬದಲು ಅದೇ ದಾರಿಗೆ ಮೂರು ಸುಳಿವು ಇಡಿ: ಗೋಡೆಯತ್ತ ತಿರುಗಿ ಹರಿಯುವ ನೀರು, ಕಾವಲುಗಾರನ ಬಾಯಿಂದ ಜಾರಿದ ಮಾತು, ಕಲ್ಲಿನ ಮೇಲಿನ ಹಸಿ ಕೆಸರಿನ ಹೆಜ್ಜೆ. ಎಸೆತದಲ್ಲಿ ಸೋತರೂ ದಾರಿ ಸಿಗಲಿ, ಏನಾದರೂ ನಷ್ಟವಾಗಲಿ. ಪಂಜು ಆರಲಿ, ಸದ್ದಿಗೆ ಕಾವಲಿನವರು ಎಚ್ಚರಗೊಳ್ಳಲಿ. ಆಗ ಮಕ್ಕಳು ಮುಂದೇನು ಮಾಡುವುದೆಂದು ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಾರೆ, ಆಡಿಸುವವರು ಸುಮ್ಮನೆ ಕೇಳಿಸಿಕೊಂಡರಾಯಿತು.

ಮಾತಾಡದ ಮಗುವಿಗೆ ಅದರ ಪಾತ್ರದ ಹೆಸರು ಹಿಡಿದು ‘ನೀ ಏನ್ ಮಾಡ್ತಿ?’ ಎಂದು ಕೇಳಬೇಕು. ಎಷ್ಟು ಹೆದರಿಸಬಹುದು, ಯಾವುದು ಬೇಡ ಎಂಬುದನ್ನು ಆಟಕ್ಕೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಎರಡು ತಾಸಿಗಿಂತ ಹೆಚ್ಚು ಎಳೆಯಬೇಡಿ.

ನಮ್ಮ ಗ್ರಂಥಾಲಯಗಳು ನಿಯಮಗಳ ನಾಲ್ಕೈದು ಪುಟದ ಕನ್ನಡ ಸಾರವನ್ನು ಮಕ್ಕಳ ವಿಭಾಗದಲ್ಲಿ ಇಟ್ಟರೆ ಶಿಬಿರದವರಿಗೆ ಅನುಕೂಲ.

– ದಾಳದಾಟದ ಆಸಕ್ತರು, ಬೀದರ್